ಕಥೆ ಬರೆಯುವವರನ್ನೂ ಚಿತ್ರ ಬರೆಯುವವರನ್ನೂ ಒಂದೇ ಮೇಜಿಗೆ ಕೂರಿಸಿ: ಮಕ್ಕಳ ಪುಸ್ತಕದ ಕಮ್ಮಟ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಕ್ಕಳ ಸಾಹಿತ್ಯದ ಕಮ್ಮಟ, ಶಿಬಿರ, ಸಮಾವೇಶಗಳನ್ನು ನಡೆಸುವ ಎಲ್ಲ ಸಂಸ್ಥೆಗಳ ಅಧ್ಯಕ್ಷರು, ಸಂಚಾಲಕರು ಮತ್ತು ಸದಸ್ಯರು

ಮಾನ್ಯರೇ,

ನಮಸ್ಕಾರ. ನಾನು ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಚಿತ್ರಕಲಾ ಶಿಕ್ಷಕಿ. ಪ್ರೌಢಶಾಲೆಯಲ್ಲಿ ಕಲಿಸಲು ಶುರು ಮಾಡಿ 17 ವರ್ಷ ಆಯಿತು. ಸಂಜೆ ಮನೆಯಲ್ಲಿ ಕೂತು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ. ಇಲ್ಲಿಯವರೆಗೆ ಒಂಬತ್ತು ಪುಸ್ತಕ ಆಗಿವೆ. ನಿಮ್ಮಂಥವರು ನಡೆಸಿದ ಮೂರು ಕಮ್ಮಟಗಳಿಗೆ ಬಂದಿದ್ದೇನೆ. ಮೂರೂ ಸಲ ಹೋಗುವಾಗ ಇದ್ದ ಹುರುಪು ಮರಳಿ ಬರುವಾಗ ಇರಲಿಲ್ಲ.

ಹೊಸ ವರ್ಷದ ಕಾರ್ಯಕ್ರಮಗಳ ಪಟ್ಟಿ ನಿಮ್ಮಲ್ಲಿ ತಯಾರಾಗುವ ಹೊತ್ತು ಇದು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಯಾವ ಸಂಸ್ಥೆಯ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಯಾರೋ ಒಬ್ಬರನ್ನು ತಪ್ಪಿತಸ್ಥರ ಜಾಗದಲ್ಲಿ ನಿಲ್ಲಿಸಿ ನನಗೆ ಆಗಬೇಕಾದ್ದೇನೂ ಇಲ್ಲ. ನಾನು ಕಂಡದ್ದು ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಥರ ಇತ್ತು.

ಹೋದ ವರ್ಷದ ಮಾತು. ಎರಡು ದಿನದ ಕಮ್ಮಟ. ಮಕ್ಕಳ ಪುಸ್ತಕದ ಲೇಖಕರು ಮತ್ತು ಚಿತ್ರಕಾರರಿಗಾಗಿ ಅಂತ ಆಹ್ವಾನ ಪತ್ರಿಕೆಯಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. 'ಮತ್ತು ಚಿತ್ರಕಾರರು' ಅನ್ನುವ ಆ ಎರಡು ಪದ ನೋಡಿಯೇ ನಾನು ಶಾಲೆಗೆ ರಜೆ ಹಾಕಿದ್ದು. ಬೆಳಗಿನ ಆರು ಗಂಟೆಯ ಬಸ್ಸಿಗೆ ಹೊರಟೆ. ಚೀಲದಲ್ಲಿ ಸ್ಕೆಚ್ ಪುಸ್ತಕ, ಪೆನ್ಸಿಲ್ಲು, ಜಲವರ್ಣದ ಡಬ್ಬಿ. ಹಳೇ ಪುಸ್ತಕಗಳ ಮೂಲ ಚಿತ್ರಗಳನ್ನು ಮಡಿಕೆ ಬೀಳದ ಹಾಗೆ ಎರಡು ರಟ್ಟಿನ ನಡುವೆ ಇಟ್ಟು ಕಟ್ಟಿಕೊಂಡಿದ್ದೆ. ಯಾರಾದರೂ ನೋಡಿ ಇಲ್ಲಿ ಸರಿ ಇದೆ, ಇಲ್ಲಿ ಸರಿ ಇಲ್ಲ ಅಂತ ಹೇಳಲಿ ಅನ್ನುವ ಆಸೆ.

ಹತ್ತು ಗಂಟೆಗೆ ಅಂದಿದ್ದ ಉದ್ಘಾಟನೆ ಶುರುವಾದಾಗ ಹನ್ನೆರಡೂಕಾಲು. ವೇದಿಕೆಯ ಮೇಲೆ 14 ಜನ. ಎಲ್ಲರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಎಲ್ಲರದೂ ಎರಡೆರಡು ಮಾತು. ಊಟಕ್ಕೆ ಎದ್ದಾಗ ಮೂರು ದಾಟಿತ್ತು. ದೂರದಿಂದ ಬಂದ ಹಿರಿಯ ಲೇಖಕರೊಬ್ಬರು ನಮಗೆ ಕಲಿಸಬೇಕಿತ್ತು. ಅವರಿಗೆ ಸಿಕ್ಕಿದ್ದು 40 ನಿಮಿಷ. ಚೆನ್ನಾಗಿ ಮಾತಾಡಿದರು. ಮಕ್ಕಳಿಗೆ ಬುದ್ಧಿ ಹೇಳುವ ಅವಸರ ಬೇಡ, ಮೊದಲು ಅವರ ಜೊತೆ ಆಟಕ್ಕೆ ಇಳಿಯಿರಿ ಅಂದರು. ಇನ್ನೂ ಕೇಳಬೇಕು ಅನ್ನಿಸುವ ಹೊತ್ತಿಗೆ ಸಮಯ ಮುಗಿಯಿತು ಅಂತ ಅವರ ಕೈಗೆ ಚೀಟಿ ಹೋಯಿತು.

ನಾವು ಚಿತ್ರಕಾರರು ಆರು ಜನ ಇದ್ದೆವು. ಒಬ್ಬರು ಜಮಖಂಡಿ ಕಡೆಯವರು, ಒಬ್ಬರು ಗೋಕಾಕದವರು, ಇಬ್ಬರು ಕಲಾ ಕಾಲೇಜಿನಲ್ಲಿ ಇನ್ನೂ ಓದುತ್ತಿರುವ ಹುಡುಗರು. ಮಧ್ಯಾಹ್ನ ನಮ್ಮನ್ನು ಹೊರಗೆ ಕರೆದು ಹೇಳಿದ್ದು ಇಷ್ಟು: ನಾಳೆಯ ಸಮಾರೋಪಕ್ಕೆ ವೇದಿಕೆಯ ಹಿಂದಿನ ಪರದೆ ಖಾಲಿ ಇದೆ, ಮಕ್ಕಳಿಗೆ ಹೊಂದುವಂಥದ್ದು ಏನಾದರೂ ಬಿಡಿಸಿಕೊಡಿ. ಒಳಗೆ ಲೇಖಕರು ಕಥೆ ಓದುತ್ತಿದ್ದರು. ಹೊರಗೆ ಪಡಸಾಲೆಯಲ್ಲಿ ನಾವು ಬಟ್ಟೆ ಹಾಸಿಕೊಂಡು ಬಲೂನು, ಚಿಟ್ಟೆ, ಕಾಮನಬಿಲ್ಲು ಬರೆದೆವು. ಜಮಖಂಡಿ ಕಡೆಯ ಆ ಹಿರಿಯರು 30 ವರ್ಷದಿಂದ ಚಿತ್ರ ಬರೆಯುತ್ತಿರುವವರು. ಮಂಡಿಯೂರಿ ಚಿಟ್ಟೆಯ ರೆಕ್ಕೆಗೆ ಬಣ್ಣ ತುಂಬುತ್ತಿದ್ದಾಗ ಅವರು ಒಂದು ಮಾತೂ ಆಡಲಿಲ್ಲ. ಅವರ ಮುಖ ನನಗೆ ಇವತ್ತಿಗೂ ಮರೆಯಲು ಆಗಿಲ್ಲ.

ಎರಡನೇ ದಿನ ನಾನು ಎದ್ದು ಒಂದು ಪ್ರಶ್ನೆ ಕೇಳಿದೆ. ಕಥೆಯನ್ನು ಪುಟಗಳಿಗೆ ಹಂಚುವಾಗ ಎಲ್ಲೆಲ್ಲಿ ತುಂಡು ಮಾಡಬೇಕು, ಅದನ್ನು ಲೇಖಕರು ಮಾಡಬೇಕಾ, ಚಿತ್ರ ಬರೆಯುವವರು ಮಾಡಬೇಕಾ ಅಂತ. "ಮೊದಲು ಕಥೆ ಗಟ್ಟಿ ಆಗಲಿ, ಚಿತ್ರ ಆಮೇಲೆ ಪ್ರೆಸ್ಸಿನವರು ಹಾಕಿಸ್ತಾರೆ" ಅಂತ ಉತ್ತರ ಬಂತು. ಹೇಳಿದವರದು ಕೆಟ್ಟ ಮನಸ್ಸು ಅಂತ ನಾನು ಹೇಳುವುದಿಲ್ಲ. ಸಭೆಯಲ್ಲಿ ಬೇರೆ ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ. ನನ್ನ ದೂರೆಲ್ಲ ಆ ಒಂದು ಮಾತಿನಲ್ಲೇ ಇದೆ. ಮೊದಲು ಕಥೆ, ಆಮೇಲೆ ಅದಕ್ಕೆ ಅಂಟಿಸುವ ಚಿತ್ರ: ಮಕ್ಕಳ ಪುಸ್ತಕ ಅಂದರೆ ಇಷ್ಟೇ ಅಂತ ನಾವು ತಿಳಿದುಕೊಂಡಿದ್ದೇವೆ. ನಮ್ಮ ಕಮ್ಮಟಗಳೂ ಅದೇ ತಿಳಿವಳಿಕೆಯ ಮೇಲೆ ನಡೆಯುತ್ತಿವೆ.

ಹಾಗೆ ಅಂಟಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ನನ್ನದೇ ಪುಸ್ತಕದ ಉದಾಹರಣೆ ಕೊಡುತ್ತೇನೆ.

ಮಣ್ಣೆತ್ತಿನ ಅಮಾವಾಸ್ಯೆಯ ಬಗ್ಗೆ ಒಂದು ಕಥೆ. ಬರೆದವರು ಬೇರೆ ಜಿಲ್ಲೆಯವರು, ಪ್ರಕಾಶಕರು ಇನ್ನೊಂದು ಊರಿನವರು. ಕಥೆ ನನಗೆ ವಾಟ್ಸ್‌ಆ್ಯಪ್‌ನಲ್ಲಿ ಬಂತು. ಲೇಖಕರ ನಂಬರ್ ಕೇಳಿದೆ. "ಅದೇನೂ ಬೇಕಾಗಿಲ್ಲ, 12 ಚಿತ್ರ ಕಳಿಸಿ ಸಾಕು" ಅಂದರು. ಕಥೆಯಲ್ಲಿ ಒಬ್ಬ ಹುಡುಗಿ ಎತ್ತು ಮಾಡಲು ಮಣ್ಣು ತರುತ್ತಾಳೆ. ಎಂಥ ಮಣ್ಣು ಅಂತ ಬರೆದಿರಲಿಲ್ಲ. ನಮ್ಮ ಕಡೆ ಮಣ್ಣು ಅಂದರೆ ಎರೆಮಣ್ಣು. ಕಪ್ಪಗಿರುತ್ತದೆ, ಒಣಗಿದರೆ ಬಿರಿಯುತ್ತದೆ. ನಾನು ಕಪ್ಪು ಎತ್ತು ಬರೆದೆ. ಲೇಖಕರ ಊರಿನ ಮಣ್ಣು ಕೆಂಪು. ಅಚ್ಚಿಗೆ ಹೋಗುವ ಮುಂಚೆ ಅವರು ಕೊನೆಯಲ್ಲಿ ಒಂದು ಸಾಲು ಸೇರಿಸಿದರು, ಮಳೆಗೆ ಎತ್ತು ಕರಗಿ ಅಂಗಳವೆಲ್ಲ ಕೆಂಪಾಯಿತು ಅಂತ. ಅದು ನನಗೆ ಗೊತ್ತೇ ಆಗಲಿಲ್ಲ. ಪುಸ್ತಕ ಬಂದ ವಾರದಲ್ಲೇ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ಕರೇ ಎತ್ತು ಕರಗಿದ್ರ ಅಂಗಳ ಕೆಂಪ ಹ್ಯಾಂಗ ಆತ್ರೀ?" ನಾನಾಗಲಿ ಆ ಲೇಖಕರಾಗಲಿ ದಡ್ಡರಲ್ಲ. ಹತ್ತು ನಿಮಿಷ ಮಾತಾಡಿದ್ದರೆ ಮುಗಿಯುತ್ತಿತ್ತು. ಇಬ್ಬರೂ ಇವತ್ತಿನವರೆಗೆ ಭೇಟಿ ಆಗಿಲ್ಲ.

ಅದೇ ಪುಸ್ತಕದಲ್ಲಿ ಎರಡು ಪುಟ ಸೇರಿಸಿ ಒಂದು ದೊಡ್ಡ ಚಿತ್ರ ಬರೆದಿದ್ದೆ. ನಡುವೆ ಹುಡುಗಿ ಕೂತು ಎತ್ತಿಗೆ ಕೊಂಬು ಹಚ್ಚುತ್ತಿದ್ದಾಳೆ. ನನಗೆ ತುಂಬಾ ಇಷ್ಟವಾಗಿದ್ದ ಚಿತ್ರ. ಅಚ್ಚಾಗಿ ಬಂದಾಗ ತೆರೆದು ನೋಡಿದರೆ ಅವಳ ಮುಖ ಅರ್ಧಕ್ಕರ್ಧ ಹೊಲಿಗೆಯೊಳಗೆ ಹೋಗಿತ್ತು. ನಡುಮಡಿಕೆಯ ಎರಡೂ ಕಡೆ ಜಾಗ ಬಿಡಬೇಕು, ಮುಖ, ಕಣ್ಣು, ಅಕ್ಷರ ಅಲ್ಲಿ ಬರಬಾರದು ಅನ್ನುವುದು ಈ ಕೆಲಸದ ಅ ಆ ಇ ಈ. ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಂಚು ಕತ್ತರಿಸುವಾಗ ಬಿಳಿ ಗೆರೆ ಉಳಿಯದ ಹಾಗೆ ಚಿತ್ರವನ್ನು ಪುಟದ ಆಚೆಗೆ ಮೂರು ಮಿಲಿಮೀಟರ್ ಚಾಚಬೇಕು. ಕಂಪ್ಯೂಟರ್ ಪರದೆಯಲ್ಲಿ ಹೊಳೆಯುವ ನೀಲಿ, ಅಚ್ಚಿನ ನಾಲ್ಕು ಬಣ್ಣಗಳಲ್ಲಿ ಮಂಕಾಗುತ್ತದೆ. ಅಕ್ಷರ ಕೂರುವ ಜಾಗವನ್ನು ಮೊದಲೇ ತಿಳಿಯಾಗಿ ಬಿಟ್ಟಿರಬೇಕು. ಇವೆಲ್ಲ ನಾನು ಕಲಿತದ್ದು ಪುಸ್ತಕ ಕೆಟ್ಟ ಮೇಲೆ. ಮೂರು ಕಮ್ಮಟಗಳಲ್ಲಿ ಒಂದರಲ್ಲೂ ಇದರ ಮಾತು ಬರಲಿಲ್ಲ. ಪ್ರೆಸ್ಸಿನಲ್ಲಿ ಕೆಲಸ ಮಾಡುವ ಒಬ್ಬರನ್ನು ಒಂದು ಗಂಟೆ ಕರೆಸಿದ್ದರೂ ಸಾಕಿತ್ತು, ಅಲ್ವಾ?

ಆ 12 ಚಿತ್ರಗಳಿಗೆ ಸಿಕ್ಕಿದ್ದು 1,800 ರೂಪಾಯಿ, ಎಂಟು ತಿಂಗಳ ನಂತರ. ಮುಖಪುಟದಲ್ಲಿ ನನ್ನ ಹೆಸರಿಲ್ಲ. ಒಳಗೆ ಮುದ್ರಕರ ವಿಳಾಸದ ಕೆಳಗೆ ಸಣ್ಣ ಅಕ್ಷರದಲ್ಲಿದೆ. ಅವ್ವ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಹುಡುಕಿದಳು.

ಇನ್ನು ಒಳ್ಳೆಯದನ್ನು ಹೇಳುತ್ತೇನೆ. ಈ ಪತ್ರ ಬರೆಯುವ ಧೈರ್ಯ ಬಂದದ್ದೇ ಅದರಿಂದ.

ನಮ್ಮ ಶಾಲೆಯ ಪಕ್ಕದಲ್ಲೇ ಪ್ರಾಥಮಿಕ ಶಾಲೆ ಇದೆ. ಅಲ್ಲಿ ಕಥೆ ಬರೆಯುವ ಒಬ್ಬ ಮಾಸ್ತರು ಇದ್ದಾರೆ. ಆ ಕಮ್ಮಟದಿಂದ ಬಂದ ಮೇಲೆ ನಾವಿಬ್ಬರೂ ಶನಿವಾರ ಮಧ್ಯಾಹ್ನ ಒಂದೇ ಮೇಜಿಗೆ ಕೂರಲು ಶುರು ಮಾಡಿದೆವು. ಶನಿವಾರ ಬೆಳಗಿನ ಶಾಲೆ ಮುಗಿದರೆ ಬಿಡುವು ಸಿಗುತ್ತದೆ. ಅವರ ಕಥೆ ಒಂದು ಹಳೇ ಬಾವಿಯದು. 1,400 ಪದ ಇತ್ತು. ಎಂಟು ಬಿಳಿ ಹಾಳೆ ತಗೊಂಡು, ನಡುವೆ ಮಡಚಿ, ಸೂಜಿ ದಾರದಿಂದ ಹೊಲಿದೆವು. 32 ಪುಟದ ಖಾಲಿ ಪುಸ್ತಕ ಆಯಿತು. ಇದಕ್ಕೆ ಡಮ್ಮಿ ಅನ್ನುತ್ತಾರೆ. ಚಿತ್ರಪುಸ್ತಕಗಳು ಜಾಸ್ತಿ 32 ಪುಟ ಇರುವುದು ಸುಮ್ನೆ ಅಲ್ಲ. ಅಚ್ಚಿನ ದೊಡ್ಡ ಹಾಳೆಯನ್ನು ಮಡಚುತ್ತಾ ಹೋದರೆ 8, 16, 32 ಹೀಗೆ ಪುಟ ಸಿಗುತ್ತವೆ, ಕಾಗದ ಹಾಳಾಗುವುದಿಲ್ಲ. ಹೆಸರಿನ ಪುಟ, ಪ್ರಕಾಶಕರ ಪುಟ ಎಲ್ಲ ಕಳೆದರೆ ಕಥೆಗೆ ಉಳಿಯುವುದು ಎದುರುಬದುರಿನ ಹನ್ನೆರಡು ಹದಿಮೂರು ಜೋಡಿ. ಆ ಲೆಕ್ಕ ಇಟ್ಟುಕೊಂಡು ಮಾಸ್ತರು ತಮ್ಮ ಕಥೆಯನ್ನು ಮತ್ತೆ ಓದಿದರು.

ಆಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು. ಬಾವಿ ಎಷ್ಟು ಹಳೆಯದು, ಕಲ್ಲಿನ ಸಂದಿಯಲ್ಲಿ ಹುಲ್ಲು ಹೇಗೆ ಬೆಳೆದಿತ್ತು, ಪಾರಿವಾಳ ಎಲ್ಲಿ ಗೂಡು ಕಟ್ಟಿತ್ತು ಅಂತ ಒಂದು ದೊಡ್ಡ ಪ್ಯಾರಾ ಇತ್ತು. ನಾನು ಪೆನ್ಸಿಲ್ಲಿನಲ್ಲಿ ಬಾವಿ ಬರೆದು ಮುಂದಿಟ್ಟೆ. ಮಾಸ್ತರು ಪ್ಯಾರಾ ಪೂರ್ತಿ ಹೊಡೆದು ಹಾಕಿದರು. "ಇದನ್ನ ನೀವ ಹೇಳಿಬಿಟ್ಟ್ರಿ, ಮತ್ತ ನಾ ಯಾಕ ಹೇಳ್ಲಿ" ಅಂದರು. ಇನ್ನೊಂದು ಕಡೆ ಹುಡುಗ ಬಾವಿಯೊಳಗೆ ಬಗ್ಗಿ ನೋಡಿ ಬೆಚ್ಚಿಬೀಳುತ್ತಾನೆ. ಅವನು ಕಂಡದ್ದೇನು ಅನ್ನುವುದು ಅದೇ ಪುಟದಲ್ಲಿ ಇತ್ತು. ಅದನ್ನು ಹಾಳೆ ತಿರುವಿದ ಮೇಲೆ ಬರುವ ಪುಟಕ್ಕೆ ತಳ್ಳಿದೆವು. ಈಗ ಮಗು ಉಸಿರು ಹಿಡಿದು ತಾನೇ ಹಾಳೆ ತಿರುವಬೇಕು. ಐದು ಶನಿವಾರ ಕೂತೆವು. 1,400 ಪದ 380ಕ್ಕೆ ಇಳಿಯಿತು. ನಾನೂ ಮೂರು ಚಿತ್ರ ಹರಿದು ಹಾಕಿದೆ. ಅವು ಚಂದ ಇದ್ದವು, ಆದರೆ ಕಥೆಯನ್ನು ನಿಲ್ಲಿಸಿಬಿಡುತ್ತಿದ್ದವು. ಅದನ್ನು ಹೇಳಿದ್ದು ಮಾಸ್ತರು.

ಹೊಲಿದ ಆ ಪುಸ್ತಕವನ್ನು ಎರಡನೇ ಮತ್ತು ಮೂರನೇ ಕ್ಲಾಸಿನ ಮಕ್ಕಳ ನಡುವೆ ಕೂತು ಓದಿದೆವು. ಒಂಬತ್ತನೇ ಪುಟಕ್ಕೆ ಬಂದಾಗ ಹಿಂದೆ ಕೂತಿದ್ದ ಇಬ್ಬರು ತಮ್ಮತಮ್ಮಲ್ಲೇ ಮಾತು ಶುರು ಮಾಡಿದರು. ಅಲ್ಲಿ ಕಥೆ ಸಡಿಲ ಅಂತ ಮಾಸ್ತರು ಗುರುತು ಹಾಕಿಕೊಂಡರು. ಬಾವಿಯ ಪುಟ ಬಂದಾಗ ಒಬ್ಬ ಹುಡುಗ ಎದ್ದು ಬಂದು ಬೆರಳಿಟ್ಟು ಹೇಳಿದ: "ಟೀಚರ್ರೀ, ಬಗ್ಗಿ ನೋಡಿದ್ರ ಬಾವಿ ಹಿಂಗ ಕಾಣಂಗಿಲ್ಲ. ದುಂಡಗ ಕಾಣ್ತದ, ನೀರಾಗ ನಮ್ಮ ಮಾರಿ ಕಾಣ್ತದ." ಅವನು ಹೇಳಿದ್ದು ಪೂರ್ತಿ ಸರಿ. ನಾನು ದೂರ ನಿಂತು ನೋಡಿದ ಹಾಗೆ ಬರೆದಿದ್ದೆ. ಕಥೆಯ ಹುಡುಗ ಬಗ್ಗಿ ನೋಡುತ್ತಿದ್ದ. ಅವತ್ತು ರಾತ್ರಿಯೇ ಆ ಚಿತ್ರವನ್ನು ಹೊಸದಾಗಿ ಬರೆದೆ. ದುಂಡನೆಯ ನೀರು, ಅದರಲ್ಲಿ ಹುಡುಗನ ಮುಖ, ಸುತ್ತ ಕತ್ತಲು. ಇಡೀ ಪುಸ್ತಕದಲ್ಲಿ ಅದೇ ಈಗ ಎಲ್ಲಕ್ಕಿಂತ ಒಳ್ಳೆಯ ಪುಟ.

ನಿಮ್ಮ ಕಮ್ಮಟಕ್ಕೂ ಮಕ್ಕಳು ಬಂದಿದ್ದರು. ವಸತಿ ನಿಲಯದಿಂದ ಮೂವತ್ತು ಮಕ್ಕಳು, ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕಿಕೊಂಡು. ಸ್ವಾಗತ ಗೀತೆ ಹಾಡಿದರು, ಹೇಳಿದಾಗೆಲ್ಲ ಚಪ್ಪಾಳೆ ತಟ್ಟಿದರು, ಬಾಳೆಹಣ್ಣು ತಗೊಂಡು ಹೋದರು. ಅವರ ಎದುರು ಒಂದು ಕಥೆಯನ್ನೂ ಯಾರೂ ಓದಲಿಲ್ಲ. ಅವರು ಯಾವ ಪುಟದಲ್ಲಿ ಮಾತಿಗೆ ಶುರು ಮಾಡುತ್ತಿದ್ದರೋ ನಮಗೆ ಗೊತ್ತಾಗಲಿಲ್ಲ.

ನಾನು ಕೇಳುತ್ತಿರುವುದು ಎಲ್ಲೂ ಇಲ್ಲದ ಸಂಗತಿ ಏನೂ ಅಲ್ಲ. ಅಮೆರಿಕದಲ್ಲಿ 1971ರಲ್ಲಿ ಮಕ್ಕಳ ಪುಸ್ತಕದ ಲೇಖಕರು ಒಂದು ಸಂಘ ಕಟ್ಟಿಕೊಂಡರು. ಮುಂದೆ ಆ ಸಂಘ ಚಿತ್ರಕಾರರನ್ನೂ ತನ್ನ ಹೆಸರಿನಲ್ಲೇ ಸೇರಿಸಿಕೊಂಡಿತು. ಈಗ ಎಸ್‌ಸಿಬಿಡಬ್ಲ್ಯುಐ (ಸೊಸೈಟಿ ಆಫ್ ಚಿಲ್ಡ್ರನ್ಸ್ ಬುಕ್ ರೈಟರ್ಸ್ ಆ್ಯಂಡ್ ಇಲ್ಲಸ್ಟ್ರೇಟರ್ಸ್) ಅಂತ ಕರೆಯುವ ಆ ಸಂಘದ ಸಮಾವೇಶಗಳಲ್ಲಿ ಲೇಖಕರ ಹಸ್ತಪ್ರತಿಯನ್ನು ಅನುಭವಿಗಳು ಕೂತು ಓದಿ ತಿದ್ದುತ್ತಾರೆ, ಚಿತ್ರಕಾರರು ತಮ್ಮ ಕೆಲಸವನ್ನು ಸಂಪಾದಕರ ಮುಂದೆ ಹರಡಿ ಇಡುತ್ತಾರೆ. ಇಟಲಿಯ ಬೊಲೋನ್ಯಾದಲ್ಲಿ 1964ರಿಂದ ನಡೆಯುವ ಮಕ್ಕಳ ಪುಸ್ತಕ ಮೇಳದಲ್ಲಿ ಯಾವ ಹೊಸ ಚಿತ್ರಕಾರರೂ ಹೋಗಿ ತಮ್ಮ ಚಿತ್ರ ಅಂಟಿಸಬಹುದಾದ ಗೋಡೆಯೇ ಇದೆ. ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ 1956ರಲ್ಲಿ ಬರೀ ಲೇಖಕರಿಗೆ ಅಂತ ಶುರುವಾಯಿತು. ಹತ್ತು ವರ್ಷದ ನಂತರ, 1966ರಿಂದ, ಚಿತ್ರಕಾರರಿಗೂ ಕೊಡತೊಡಗಿದರು. ನಮ್ಮ ದೇಶದಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದದ್ದು 2010ರಲ್ಲಿ. ಅದು ಲೇಖಕರಿಗೆ ಮಾತ್ರ. ದೆಹಲಿಯಲ್ಲಿ 1957ರಲ್ಲಿ ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಕಟ್ಟಿದವರು ವ್ಯಂಗ್ಯಚಿತ್ರಕಾರ ಶಂಕರ್. ಅಂದರೆ ಒಬ್ಬ ಚಿತ್ರಕಾರ. ಇದನ್ನು ನಾವು ಯಾಕೆ ಮರೆಯುತ್ತೇವೋ ನನಗೆ ತಿಳಿಯದು.

ಹಕ್ಕು ಮತ್ತು ಹಣದ ಮಾತು ಎತ್ತಿದರೆ ಕಮ್ಮಟಗಳಲ್ಲಿ ಎಲ್ಲರೂ ಮುಜುಗರ ಪಡುತ್ತಾರೆ. ಸೇವೆ ಅಂತ ಮಾಡಿ ಅನ್ನುತ್ತಾರೆ. ಆದರೆ ಒಂದು ವಿಷಯ ಪ್ರತಿ ಚಿತ್ರಕಾರರಿಗೂ ಗೊತ್ತಿರಬೇಕು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ ಕೃತಿಯ ಮೊದಲ ಹಕ್ಕು ಅದನ್ನು ಮಾಡಿದವರದು. ಅದೇ ಕಲಮಿನಲ್ಲಿ ಒಂದು ವಿನಾಯಿತಿಯೂ ಇದೆ. ಇನ್ನೊಬ್ಬರು ಹೇಳಿ, ಹಣ ಕೊಟ್ಟು ಬರೆಸಿದ ವರ್ಣಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರಿಗೆ ಹೋಗುತ್ತದೆ. ಅಂದರೆ ಒಂದು ಪುಟದ ಒಪ್ಪಂದ ಮಾಡಿಕೊಳ್ಳದೇ ಚಿತ್ರ ಕೊಟ್ಟರೆ, ನಾಳೆ ಅದನ್ನು ಕ್ಯಾಲೆಂಡರಿನಲ್ಲಿ ಹಾಕಿಕೊಂಡರೂ ನಾನು ಕೇಳುವುದು ಕಷ್ಟ. ಇನ್ನು 57ನೇ ಕಲಂ ಹೇಳುವುದು ಇದು: ಹಕ್ಕನ್ನು ಬರೆದುಕೊಟ್ಟ ಮೇಲೂ ಇದು ನನ್ನ ಕೃತಿ ಅಂತ ಹೇಳಿಕೊಳ್ಳುವ ಅಧಿಕಾರ ಮಾಡಿದವರಲ್ಲೇ ಉಳಿಯುತ್ತದೆ. ಹಾಗಾಗಿ ಪುಸ್ತಕದಲ್ಲಿ ಹೆಸರು ಹಾಕಿ ಅನ್ನುವುದು ಬೇಡಿಕೊಳ್ಳುವ ಮಾತಲ್ಲ. ಇದೆಲ್ಲ ನನಗೆ ಗೊತ್ತಾದದ್ದು ವಕೀಲಿಕೆ ಮಾಡುವ ನನ್ನ ತಮ್ಮನಿಂದ. ತಮ್ಮ ವಕೀಲನಲ್ಲದ ಚಿತ್ರಕಾರರು ಎಲ್ಲಿ ಕಲಿಯಬೇಕು?

ಬೆಂಗಳೂರಿನಲ್ಲಿ ಒಳ್ಳೆಯ ಕಮ್ಮಟಗಳು ನಡೆಯುತ್ತವೆ, ಅಲ್ಲಿಗೆ ಬನ್ನಿ ಅಂತ ಕೆಲವರು ಹೇಳಿದ್ದಾರೆ. ಒಮ್ಮೆ ಬಂದೆ. ವಿಜಯಪುರದಿಂದ ಬೆಂಗಳೂರು 500 ಕಿಲೋಮೀಟರಿಗೂ ಜಾಸ್ತಿ. ಒಂದು ದಿನದ ಕಾರ್ಯಕ್ರಮಕ್ಕೆ ಎರಡು ರಾತ್ರಿ ಪ್ರಯಾಣ. ಪ್ರಯಾಣ ಭತ್ಯೆ ಲೇಖಕರ ಪಟ್ಟಿಯಲ್ಲಿದ್ದವರಿಗೆ ಮಾತ್ರ, ಚಿತ್ರಕಾರರಿಗೆ ಅವಕಾಶ ಇಲ್ಲ ಅಂತ ಅಲ್ಲಿಗೆ ಹೋದ ಮೇಲೆ ತಿಳಿಯಿತು. ನನಗೆ ಸಂಬಳ ಇದೆ, ಹೇಗೋ ಆಯಿತು. ಕಲಾ ಕಾಲೇಜಿನ ಆ ಇಬ್ಬರು ಹುಡುಗರಿಗೆ ಆಗುತ್ತದಾ?

ಮಕ್ಕಳ ಸಾಹಿತ್ಯಕ್ಕೆ ನಮ್ಮ ಜಿಲ್ಲೆ ಹೊಸದಲ್ಲ. ಶಂ.ಗು. ಬಿರಾದಾರ, ಸಿಸು ಸಂಗಮೇಶ, ಕಂಚ್ಯಾಣಿ ಶರಣಪ್ಪ ಈ ನೆಲದವರು. ಕಂಚ್ಯಾಣಿ ಶರಣಪ್ಪನವರಿಗೆ 2018ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಬಂತು. ಫ.ಗು. ಹಳಕಟ್ಟಿಯವರು ವಚನಗಳನ್ನು ಅಚ್ಚು ಮಾಡಲು ಹಿತಚಿಂತಕ ಮುದ್ರಣಾಲಯ ಹಾಕಿದ್ದು ವಿಜಯಪುರದಲ್ಲೇ. ಪುಸ್ತಕಕ್ಕಾಗಿ ಮನೆಮಾರು ಕಳೆದುಕೊಂಡವರ ಊರು ಇದು. 2013ರಲ್ಲಿ ಇಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಊರಿಗೆ ಊರೇ ಬಂದಿತ್ತು. ಇಲ್ಲಿ ಜನ ಬರುವುದಿಲ್ಲ ಅನ್ನುವ ಮಾತನ್ನು ದಯವಿಟ್ಟು ಬಿಡಿ.

ಇನ್ನು ಚಿತ್ರದ ವಿಷಯಕ್ಕೆ ಬಂದರೆ, ನಮ್ಮ ಮಕ್ಕಳು ಓದುವ ಪುಸ್ತಕಗಳಲ್ಲಿ ಮನೆ ಅಂದರೆ ಇಳಿಜಾರು ಹೆಂಚು, ಪಕ್ಕದಲ್ಲಿ ತೆಂಗಿನ ಮರ, ಹಿಂದೆ ಎರಡು ಹಸಿರು ಗುಡ್ಡ. ನಮ್ಮ ಕಡೆ ಇರುವುದು ಮಾಳಿಗೆ ಮನೆ. ಮೇಲೆ ಮಣ್ಣು ಹಾಸಿದ ಸಮತಟ್ಟು ಚಾವಣಿ, ನಡುವೆ ಬೆಳಕಿಂಡಿ. ಆ ಬೆಳಕಿಂಡಿಯಿಂದ ಮಧ್ಯಾಹ್ನ ಇಳಿಯುವ ಬಿಸಿಲಿನ ಕೋಲನ್ನು ಯಾವ ಪುಸ್ತಕದಲ್ಲೂ ನಾನು ನೋಡಿಲ್ಲ. ಚಿತ್ರಕಲಾ ತರಗತಿಯಲ್ಲಿ ನಿಮ್ಮ ಮನೆ ಬರೆಯಿರಿ ಅಂದರೆ ಮಕ್ಕಳು ಹೆಂಚಿನ ಮನೆ, ಎರಡು ಗುಡ್ಡ, ನಡುವೆ ಸೂರ್ಯ ಬರೆಯುತ್ತಾರೆ. ಅವರ ಊರಿನ ಸುತ್ತ ಕಣ್ಣು ಹಾಯುವಷ್ಟು ದೂರ ಸಮತಟ್ಟು ಎರೆಹೊಲ. ಗುಡ್ಡವೇ ಇಲ್ಲ. ತಮ್ಮ ಮನೆ ಚಿತ್ರಕ್ಕೆ ತಕ್ಕದ್ದಲ್ಲ ಅಂತ ಮಕ್ಕಳು ತಿಳಿದುಕೊಂಡುಬಿಟ್ಟಿದ್ದಾರೆ. ಇದು ನನಗೆ ಬಹಳ ನೋವು ಕೊಡುವ ಸಂಗತಿ.

ಇಲ್ಲಿ ಬರೆಯಲು ಎಷ್ಟಿಲ್ಲ? ಹಳೇ ಬಾಗಲಕೋಟೆಯ ಓಣಿಗಳು ಆಲಮಟ್ಟಿಯ ಹಿನ್ನೀರಿಗೆ ಹೋದವು. ಮನೆ ಮುಳುಗಿದವರಿಗಾಗಿ ಕಟ್ಟಿದ ನವನಗರದಲ್ಲಿ ಹುಟ್ಟಿದ ಮಗುವಿಗೆ ಅಜ್ಜಿಯ ಮನೆ ನೀರಿನ ಕೆಳಗಿದೆ ಅಂತ ಹೇಳುವ ಚಿತ್ರಪುಸ್ತಕ ಯಾಕೆ ಇರಬಾರದು? ನಮ್ಮ ಡೋಣಿ ನದಿಯ ಬಗ್ಗೆ ಇರುವ, ಡೋಣಿ ಹರಿದರೆ ಓಣೆಲ್ಲ ಜೋಳ ಅನ್ನುವ ಗಾದೆಯೇ ಒಂದು ಪುಸ್ತಕ. ಕೌದಿ ಹೊಲಿಯುವ ಅಜ್ಜಿಗೆ ಯಾವ ಬಣ್ಣದ ಪಕ್ಕ ಯಾವುದು ನಿಲ್ಲುತ್ತದೆ ಅಂತ ಗೊತ್ತು. ಗುಳೇದಗುಡ್ಡದ ಖಣ, ಇಳಕಲ್ ಸೀರೆಯ ಸೆರಗು, ಗೋಕಾಕದ ಬಣ್ಣದ ಗೊಂಬೆ, ಇವೆಲ್ಲ ನಮ್ಮ ಚಿತ್ರಕಾರರಿಗೆ ಕಣ್ಣ ಮುಂದೆಯೇ ಇರುವ ಪಾಠ. ಪಟ್ಟದಕಲ್ಲಿಗೆ ಹೋಗಿ ನೋಡಿ. ಎಂಟನೇ ಶತಮಾನದ ಆ ಗುಡಿಗಳ ಕಂಬ, ಗೋಡೆಗಳ ಮೇಲೆ ರಾಮಾಯಣವೂ ಇದೆ, ಪಂಚತಂತ್ರದ ಪ್ರಾಣಿಗಳೂ ಇವೆ. ಒಂದು ಅಕ್ಷರ ಇಲ್ಲದೇ, ಒಂದರ ಪಕ್ಕ ಒಂದು ಪಟ್ಟಿಕೆ ಇಟ್ಟು, ಕಥೆ ಮುಂದೆ ಸಾಗುತ್ತದೆ. ಎಲ್ಲಿ ತುಂಡು ಮಾಡಬೇಕು ಅಂತ ನಾನು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಹತ್ತು ಜನ ಲೇಖಕರು, ಹತ್ತು ಜನ ಚಿತ್ರಕಾರರನ್ನು ಒಂದು ಬೆಳಗ್ಗೆ ಅಲ್ಲಿ ಕೂರಿಸಿದರೆ ಅದೇ ಮೊದಲ ಪಾಠ ಆಗುತ್ತದೆ.

ಈಗ ನನ್ನ ಬೇಡಿಕೆಗಳು. ಮುಂದಿನ ಕಮ್ಮಟವನ್ನು ಎರಡು ದಿನದ ಬದಲು ಐದು ದಿನ ಮಾಡಿ, ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಮಾಡಿ. ಉದ್ಘಾಟನೆ ಅರ್ಧ ಗಂಟೆಯಲ್ಲಿ ಮುಗಿಯಲಿ. ಶಾಲು, ಹಾರ, ಬುಟ್ಟಿಗೆ ಹೋಗುವ ಹಣದಲ್ಲಿ ಒಳ್ಳೆಯ ಕಾಗದ, ಬಣ್ಣ ತರಬಹುದು. ಎಷ್ಟು ಜನ ಲೇಖಕರೋ ಅಷ್ಟೇ ಜನ ಚಿತ್ರಕಾರರನ್ನು ಕರೆಯಿರಿ. ಕಥೆಗಳನ್ನು ಒಂದು ತಿಂಗಳು ಮೊದಲೇ ಕಳಿಸಿ, ಜೋಡಿ ಮಾಡಿ. ಕೊನೆಯ ದಿನ ಪ್ರತಿ ಜೋಡಿಯ ಕೈಯಲ್ಲೂ ಹೊಲಿದ ಒಂದು ಡಮ್ಮಿ ಇರಬೇಕು. ಪ್ರಮಾಣಪತ್ರಕ್ಕಿಂತ ಅದು ನಮಗೆ ಉಪಯೋಗ. ಒಬ್ಬ ಮುದ್ರಕರು, ಕಾಯ್ದೆ ತಿಳಿದ ಒಬ್ಬರು, ಡಮ್ಮಿಗಳನ್ನು ನಿಜವಾಗಿ ಕೂತು ನೋಡುವ ಇಬ್ಬರು ಪ್ರಕಾಶಕರು ಬರಲಿ. ದಿನಾ ಸಂಜೆ ಮಕ್ಕಳ ಎದುರು ಓದೋಣ. ಅವರಿಗೆ ಬೇಸರ ಆದರೆ ಎದ್ದು ಹೋಗುವ ಸ್ವಾತಂತ್ರ್ಯ ಇರಲಿ.

ಭತ್ಯೆ, ಗೌರವಧನ ಲೇಖಕರಿಗೂ ಚಿತ್ರಕಾರರಿಗೂ ಒಂದೇ ಇರಲಿ. ನೀವೇ ಪುಸ್ತಕ ಪ್ರಕಟಿಸುವವರಾದರೆ ಇಬ್ಬರ ಹೆಸರೂ ಮುಖಪುಟದಲ್ಲಿ ಬರಲಿ, ಒಂದೇ ಅಳತೆಯ ಅಕ್ಷರದಲ್ಲಿ. ಇನ್ನೊಂದು ಮಾತನ್ನು ಹೆಂಗಸರ ಪರವಾಗಿ ಹೇಳುತ್ತೇನೆ. ಹೋದ ಸಲ ಸಮಾರೋಪ ಮುಗಿದಾಗ ರಾತ್ರಿ ಎಂಟೂವರೆ. ನಮ್ಮ ಊರಿಗೆ ಕೊನೆಯ ಬಸ್ಸು ಏಳಕ್ಕೆ. ಸಂಜೆ ಐದಕ್ಕೆ ಮುಗಿಸಿ, ಇಲ್ಲವೇ ಉಳಿಯಲು ಒಂದು ಸುರಕ್ಷಿತ ಕೋಣೆ ಕೊಡಿ. ಇದು ಸಣ್ಣ ವಿಷಯ ಅನ್ನಿಸಬಹುದು. ಚಿತ್ರ ಬರೆಯುವ ಎಷ್ಟೋ ಹುಡುಗಿಯರನ್ನು ಮನೆಯವರು ಕಳಿಸದೇ ಇರುವುದು ಇದೇ ಕಾರಣಕ್ಕೆ.

ಹೀಗೆ ತಯಾರಾದ ಪುಸ್ತಕಗಳು ಹಳ್ಳಿಗಳ ಗ್ರಂಥಾಲಯಕ್ಕೆ ಹೋಗುವ ದಾರಿಯನ್ನೂ ನೀವೇ ಹುಡುಕಬೇಕು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಜನ ಕಟ್ಟುತ್ತಾರೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಪಕ್ಕ ಎರಡನೇ ಕ್ಲಾಸಿನ ಮಗು ಕೈಯಲ್ಲಿ ಹಿಡಿಯುವಂಥ ಕನ್ನಡದ ಚಿತ್ರಪುಸ್ತಕಗಳೂ ಇರಲಿ.

ಜಾಗದ ಚಿಂತೆ ಬೇಡ. ಮೇ ತಿಂಗಳ ಬಿಸಿಲಿನಲ್ಲಿ ಬರಬೇಡಿ, ಬಣ್ಣ ಕುಂಚದಲ್ಲೇ ಒಣಗುತ್ತದೆ. ದಸರಾ ರಜೆಯಲ್ಲಿ ಬನ್ನಿ. ನಮ್ಮ ಶಾಲೆಯಲ್ಲಿ ಎರಡು ದೊಡ್ಡ ಕೋಣೆ ಖಾಲಿ ಇರುತ್ತವೆ. ಮುಖ್ಯ ಗುರುಗಳ ಹತ್ತಿರ ಮಾತಾಡಿದ್ದೇನೆ, ಅವರು ಒಪ್ಪಿದ್ದಾರೆ. ಬೆಂಚುಗಳನ್ನು ಎದುರುಬದುರು ಜೋಡಿಸಿದರೆ ಹತ್ತು ಮೇಜು ಆಗುತ್ತವೆ. ಊಟಕ್ಕೆ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಊರಿನ ಹೆಣ್ಣುಮಕ್ಕಳ ಸಂಘದವರು ಮಾಡಿಕೊಡುತ್ತಾರೆ. ರಜೆಯಲ್ಲಿ ಮಕ್ಕಳು ಊರಲ್ಲೇ ಇರುತ್ತಾರೆ. ಬಾವಿಯ ಚಿತ್ರ ತಿದ್ದಿದ ಹುಡುಗನಿಗೆ ದೊಡ್ಡವರು ಕಥೆ ತಗೊಂಡು ಬರಬಹುದು ಅಂತ ಹೇಳಿದ್ದೇನೆ. ಯಾವಾಗ ಅಂತ ಅವನು ದಿನಾ ಕೇಳುತ್ತಾನೆ. ನೀವು ಒಂದು ತಾರೀಖು ತಿಳಿಸಿದರೆ ಅವನಿಗೆ ಹೇಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಚಿತ್ರಕಲಾ ಶಿಕ್ಷಕಿ
ಬಸವನ ಬಾಗೇವಾಡಿ ತಾಲ್ಲೂಕು, ವಿಜಯಪುರ ಜಿಲ್ಲೆ